ಪ್ರೂಡೆನ್ಸ್ ಅತ್ತೆಯ ಉಂಗುರ

"ಅಂತೂ ಯಾರಿಗೂ ಸುಳಿವು ಕೊಡದೆ ಮುಗಿಸಿಬಿಟ್ರಿ, ಮಿಸ್ ಹಾರ್ಬಿನ್," ಎಂದರು ಮಿಸೆಸ್ ಬ್ಯಾಗ್ಲಿ. "ಯಾರಮ್ಮ ಆ ಪುಣ್ಯವಂತ?"

ಚಹಾ ಬಗ್ಗಿಸುತ್ತಿದ್ದ ಲವೀನಿಯಾ ಹಾರ್ಬಿನ್ ತಲೆಯೆತ್ತಿದಳು, ಆದರೆ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. ಹೀಗಾಗಿ ಸ್ವಲ್ಪ ಚಹಾ ತಟ್ಟೆಗೂ ಮಿಕ್ಕಿದ್ದು ಮೇಜುಬಟ್ಟೆಗೂ ಹೋಯಿತು.

ಕ್ಯಾಂಬರ್‌ವೆಲ್‌ನ ಚರ್ಚಿನ ಹಜಾರದಲ್ಲಿ ಅಂದು ಭಾನುವಾರದ ಶಾಲೆಯ ಬಹುಮಾನದ ದಿನ. ವರ್ಷವಿಡೀ ತುಂಟತನ ಮಾಡದ ಮಕ್ಕಳಿಗೆ, ತುಂಟತನ ಮಾಡಿ ಕೆಟ್ಟುಹೋದ ಮಕ್ಕಳ ಕಥೆಪುಸ್ತಕ ಕೊಡುವುದು ಅಲ್ಲಿಯ ಪದ್ಧತಿ. ಈ ಸಲದ ಪುಸ್ತಕ 'ರೂಫಸ್ ಮತ್ತು ಪಕ್ಕದ ಮನೆಯ ಪ್ಲಮ್ ಮರ'. ಬರೆದವರ ಹೆಸರಿರಬೇಕಾದ ಜಾಗದಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಆ ಮಹಿಳೆ ಪಾದ್ರಿಗಳ ಅಕ್ಕ ಲವೀನಿಯಾ ಎಂಬುದು ಹಾಲು ಹಾಕುವವನಿಗೂ ಗೊತ್ತಿದ್ದ ಗುಟ್ಟು. ಕಥೆಯಲ್ಲಿ ರೂಫಸನನ್ನು ಸಾಕಿ, ಬೈದು, ಅವನಿಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕೂತು ಅಳುವ ಪ್ರೂಡೆನ್ಸ್ ಅತ್ತೆ ಯಾರೆಂಬುದನ್ನೂ ಊರು ಊಹಿಸಿಕೊಂಡಿತ್ತು. ಪುಸ್ತಕದ ಮೊದಲ ವಾಕ್ಯವೇ ಹೀಗಿತ್ತು: 'ತಾಯಿತಂದೆ ಇಲ್ಲದ ರೂಫಸ್, ಮದುವೆಯಾಗದ ಪ್ರೂಡೆನ್ಸ್ ಅತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದ.'

"ಯಾವ ಪುಣ್ಯವಂತ?" ಎಂದಳು ಲವೀನಿಯಾ.

ಮಿಸೆಸ್ ಬ್ಯಾಗ್ಲಿ ಮಗಳ ಕೈಯಿಂದ ಬಹುಮಾನದ ಪುಸ್ತಕವನ್ನು ಕಿತ್ತುಕೊಂಡು ಚಿತ್ರದ ಪುಟ ತೆಗೆದರು. ಅತ್ತೆ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ. ಅವಳ ಒಂದು ಕೈಯಲ್ಲಿ ರೂಫಸನ ಕಿವಿ. ಇನ್ನೊಂದು ಕೈ ಮೇಜಿನ ಮೇಲೆ, ಜಾಮ್ ಜಾಡಿಯ ಪಕ್ಕದಲ್ಲಿ. ಆ ಕೈಯ ಉಂಗುರದ ಬೆರಳಲ್ಲಿ ಉಂಗುರ.

"ಎಡಗೈ," ಎಂದರು ಮಿಸೆಸ್ ಬ್ಯಾಗ್ಲಿ. "ಎರಡು ಸಲ ನೋಡಿದೆ. ಮೊದ್ಲು ಕನ್ನಡಕ ಇಲ್ದೆ, ಆಮೇಲೆ ಹಾಕ್ಕೊಂಡು."

"ಅದು ಪ್ರೂಡೆನ್ಸ್ ಅತ್ತೆ, ಮಿಸೆಸ್ ಬ್ಯಾಗ್ಲಿ."

"ಹೌದಾ? ಪ್ರೂಡೆನ್ಸ್ ಅತ್ತೆಗೂ ಕೆನ್ನೆ ಮೇಲೆ ಮಚ್ಚೆ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ."

ಲವೀನಿಯಾ ಚಿತ್ರ ನೋಡಿದಳು. ಕೆನ್ನೆ ಅವಳದೇ, ಮಚ್ಚೆ ಅವಳದೇ, ಹುಬ್ಬು ಗಂಟಿಕ್ಕಿ ನಗು ತಡೆಯುವ ರೀತಿಯೂ ಅವಳದೇ. ತನ್ನ ಮುಖವನ್ನು ಯಾರೋ ಇಷ್ಟು ಚೆನ್ನಾಗಿ ಗಮನಿಸಿದ್ದಾರೆಂಬ ಸಂಗತಿ ಅವಳನ್ನು ಮೊದಲು ತಟ್ಟಿತು. ಉಂಗುರ ಆಮೇಲೆ ತಟ್ಟಿತು. ಅವಳ ಕೈಯಲ್ಲೂ ಒಂದು ಉಂಗುರವಿತ್ತು. ತೀರಿಕೊಂಡ ಅಮ್ಮನ ಕೆಂಪು ಹರಳಿನದು. ಆದರೆ ಅದು ಇದ್ದದ್ದು ಬಲಗೈಯಲ್ಲಿ. ಎಡಗೈಯ ಆ ಬೆರಳಿಗೆ ಉಂಗುರ ಹಾಕುವವನು ಗಂಡನಾಗುವವನು ಮಾತ್ರ.

"ನೀವೇನೂ ಹೇಳ್ಬೇಡಿ," ಎಂದು ಮಿಸೆಸ್ ಬ್ಯಾಗ್ಲಿ ಅವಳ ಮೊಣಕೈ ಸವರಿದರು. "ನಾನೂ ಯಾರಿಗೂ ಹೇಳಲ್ಲ."

ಚಹಾ ಆರುವುದರೊಳಗೆ ಅವರು ಹಜಾರದ ಆ ತುದಿಯವರೆಗೂ ಯಾರಿಗೂ ಹೇಳದೆ ಹೋಗಿ ಬಂದರು.

ಲೋಟಗಳನ್ನು ತೊಳೆದಿಡುವ ಹೊತ್ತಿಗೆ ರೆವರೆಂಡ್ ಸೆಪ್ಟಿಮಸ್ ಹಾರ್ಬಿನ್ ಅಡುಗೆಮನೆಗೆ ಬಂದ. ಲವೀನಿಯಾಳಿಗಿಂತ ಚಿಕ್ಕವನು, ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳೇ ಅವಳು. ಅದನ್ನು ಮರೆಯಲು ಅವನು ಉಪದೇಶದ ದನಿಯಲ್ಲಿ ಮಾತಾಡುವುದನ್ನು ಕಲಿತಿದ್ದ.

"ಲವೀ, ನಂದು ಒಂದೇ ಪ್ರಶ್ನೆ. ನಿಂಗೆ ನಿಶ್ಚಯ ಆಗಿದೆಯೋ ಇಲ್ವೋ?"

"ನಂಗೂ ಅದೇ ಗೊತ್ತಾಗ್ಬೇಕು, ಸೆಪ್ಟಿ."

"ಇದು ಉತ್ತರ ಅಲ್ಲ."

"ಅಲ್ಲ. ಆದ್ರೆ ನಿಜ."

ಅವನು ಕುರ್ಚಿ ಎಳೆದು ಕೂತ. "ಮುಂದಿನ ಭಾನುವಾರ ನಾನು ಪೀಠದ ಮೇಲೆ ನಿಂತಾಗ ಎಲ್ಲರೂ ನಿನ್ನ ಕೈ ನೋಡ್ತಿರ್ತಾರೆ. ಪುಸ್ತಕ ಅಚ್ಚು ಹಾಕಿಸೋ ಥ್ರಾಪ್ ಅವರಿಗೆ ಆಗ್ಲೇ ಆಳು ಕಳಿಸಿದ್ದೀನಿ. ಈ ಕಟ್ಟಿನ ಪ್ರತಿಗಳು ನಮ್ಮ ಶಾಲೆಗೆ ಅಂತ ಮೊದ್ಲು ಅಚ್ಚು ಹಾಕಿಕೊಟ್ಟಿದ್ದು. ಕ್ರಿಸ್ಮಸ್ ಮಾರಾಟದ ಪ್ರತಿಗಳ ಅಚ್ಚು ನಾಳೆ ಮಧ್ಯಾಹ್ನ ಶುರು ಆಗುತ್ತಂತೆ. ಅಷ್ಟರೊಳಗೆ ಆ ಉಂಗುರ ಹೋಗ್ಬೇಕು. ಇಲ್ಲ, ಗಂಡು ಬರ್ಬೇಕು."

ಸೆಪ್ಟಿಮಸ್ ವರ್ಷಗಳಿಂದ ಕೊಟ್ಟ ಉಪದೇಶಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿರಲಿಲ್ಲ.

"ಯಾರು ಇದನ್ನ ಬಿಡಿಸಿದ್ದು?" ಎಂದು ಕೇಳಿದ.

"ಮಿಸ್ಟರ್ ಸ್ಟ್ರೌಡ್. ಥ್ರಾಪ್ ಅವರ ಅಚ್ಚುಕೂಟದಲ್ಲಿ ಮರದ ಮೇಲೆ ಚಿತ್ರ ಕೆತ್ತುತ್ತಾರೆ."

"ಮನುಷ್ಯ ಹೇಗೆ?"

ಲವೀನಿಯಾ ಒಂದು ಲೋಟವನ್ನು ಬಹಳ ಹೊತ್ತು ಒರೆಸಿದಳು. "ನಂಗೆ ಅವರ ಬೆನ್ನು ಚೆನ್ನಾಗಿ ಗೊತ್ತು," ಎಂದಳು.

ಅದು ತಮಾಷೆಗೆ ಹೇಳಿದ ಮಾತಲ್ಲ.

ಮಾರ್ಚ್‌ನಿಂದ ಅವಳು ಥ್ರಾಪ್ ಅವರ ಅಚ್ಚುಕೂಟದ ಮೂರನೆಯ ಮಹಡಿಗೆ ಹೋಗಿ ಬರುತ್ತಿದ್ದಳು. ಕೆಳಗೆ ಯಂತ್ರಗಳ ಸದ್ದು, ಮೇಲೆ ಉತ್ತರದ ಕಿಟಕಿಯ ಬೆಳಕು. ಕಿಟಕಿಗೆ ಎದುರಾಗಿ ಈನಕ್ ಸ್ಟ್ರೌಡನ ಮೇಜು; ಬಾಗಿಲ ಬಳಿ, ಅವನ ಬೆನ್ನ ಹಿಂದೆ, ಬಂದವರಿಗೊಂದು ಕುರ್ಚಿ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಮರದ ಬ್ಲಾಕ್ ಇಟ್ಟು, ಸಣ್ಣ ಉಳಿಯಿಂದ ಅದನ್ನು ಕೆತ್ತುತ್ತಾ ಅವನು ಕೂತಿರುತ್ತಿದ್ದ. ಅಚ್ಚಾದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುವುದರಿಂದ ಬ್ಲಾಕಿನ ಮೇಲೆ ಎಲ್ಲವನ್ನೂ ತಿರುಗಿಸಿ ಕೆತ್ತಬೇಕು. ಹೇಗೆ ಕಾಣುತ್ತದೆಂದು ಪರೀಕ್ಷಿಸಲು ಮೇಜಿನ ಮೇಲೊಂದು ಕನ್ನಡಿ ಇತ್ತು. ಈನಕ್ ತನ್ನ ಹೆಸರನ್ನು ಹಿಂದುಮುಂದಾಗಿ ಬರೆಯುವುದೇ ಹೆಚ್ಚು ವೇಗವಾಗಿ. 'ಸ್ಟ್ರೌಡ್‌ಗೆ ಎಡಬಲ ತಪ್ಪಿದ ದಿನ ಅಂಗಡಿ ಮುಚ್ಚೋಣ' ಎಂದು ಕೆಳಗಿನವರು ಹೇಳಿಕೊಳ್ಳುತ್ತಿದ್ದರು. ಅವರು ಅವನನ್ನು ಕರೆಯುತ್ತಿದ್ದದ್ದು ಮರಕುಟಿಗ ಎಂದು.

ಮೊದಲ ದಿನ ಆ ಬೆನ್ನು ಕೇಳಿತ್ತು: "ಪ್ಲಮ್ ಮರ ಎಷ್ಟೆತ್ತರ?"

"ಹುಡುಗ ಬಿದ್ರೆ ಕಾಲು ಮುರೀಬೇಕು, ಪ್ರಾಣ ಹೋಗ್ಬಾರ್ದು. ಅಷ್ಟು."

"ಪ್ರಾಣ ಹೋಗೋದು ಯಾವಾಗ?"

"ಹನ್ನೊಂದನೇ ಅಧ್ಯಾಯ. ಜ್ವರ ಬಂದು."

ಉಳಿ ನಿಂತಿತು. "ಒಂದು ಪ್ಲಮ್‌ಗೆ?"

"ಮಿಸ್ಟರ್ ಥ್ರಾಪ್ ಸಾಯಿಸ್ಲೇಬೇಕು ಅಂದಿದ್ದಾರೆ. ಸತ್ರೆ ಭಾನುವಾರದ ಶಾಲೆಯವರು ಕೊಳ್ತಾರಂತೆ."

"ಹುಡುಗನ ಮುಖ ಅರ್ಧ ಕೆತ್ತಿದ್ದೀನಿ," ಎಂದಿತು ಬೆನ್ನು. "ನಗ್ತಿದ್ದಾನೆ. ಈಗ ಹೇಳ್ತಿದ್ದೀರಲ್ಲ."

ಅವಳು ಮನೆಗೆ ಹೋಗಿ ಹನ್ನೊಂದನೆಯ ಅಧ್ಯಾಯವನ್ನು ಹರಿದುಹಾಕಿದಳು. ಮುಂದಿನ ಸಲ ಬಂದಾಗ, "ರೂಫಸ್ ಬದುಕ್ತಾನೆ," ಎಂದಳು. "ನೀವು ಮುಖ ಕೆತ್ತಿಬಿಟ್ಟಿದ್ರಲ್ಲ, ಇನ್ನೇನು ಮಾಡೋದು."

ಬೆನ್ನಿನ ಮೇಲ್ಭಾಗದಲ್ಲಿದ್ದ ಎರಡು ಕಿವಿಗಳು ಕೆಂಪಾದವು.

ಆ ಕಿವಿಗಳಿಗಾಗಿ ಅವಳು ಬೇಸಿಗೆಯೆಲ್ಲ ಬಂದಳು. ಬರಲು ಕಾರಣ ಬೇಕಾದಾಗ ಒಂದು ಚಿತ್ರದಲ್ಲಿ ಕೋಳಿಯ ಬಾಲ ಸರಿಯಿಲ್ಲವೆಂದಳು, ಇನ್ನೊಂದರಲ್ಲಿ ಮೋಡ ಹೆಚ್ಚಾಯಿತೆಂದಳು. ಬನ್ನು ತಂದು, ಕೈಗವಸು ಬಿಚ್ಚಿ, ಅರ್ಧ ಮುರಿದು ಮೇಜಿನ ಅಂಚಿನಲ್ಲಿಟ್ಟು ಬಂದು ಮತ್ತೆ ಕುರ್ಚಿಯಲ್ಲಿ ಕೂರುವಳು. ಹೊರಡುವಾಗ ಅವನು ಎದ್ದು ನಿಂತು ಅವಳ ಬೂಟುಗಳಿಗೆ ವಂದನೆ ಹೇಳುವನು. ಬೂಟಿಗಿಂತ ಮೇಲಕ್ಕೆ ಅವನ ನೋಟ ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ಮಾತ್ರ, ಮೇಜಿನ ಮೇಲಿನ ಕನ್ನಡಿಯಲ್ಲಿ, ಎರಡು ಕಣ್ಣು ಸಿಕ್ಕಿದ್ದವು. ಸಿಕ್ಕವೋ ಇಲ್ಲವೋ ಎಂದು ಆಮೇಲೆ ವಾರಗಟ್ಟಲೆ ಯೋಚಿಸುವಂತೆ, ಅಷ್ಟು ಕಡಿಮೆ ಹೊತ್ತು.

ಹೀಗಾಗಿ ಅವಳು ಪ್ರೀತಿಸಿದ್ದು, ಲೆಕ್ಕ ಹಿಡಿದರೆ, ಮುಖ್ಯವಾಗಿ ಒಂದು ಬೆನ್ನನ್ನು. ಈಗ ಆ ಬೆನ್ನು ಅವಳ ಬೆರಳಿಗೆ ಉಂಗುರ ತೊಡಿಸಿತ್ತು. ಬೇಕೆಂದೇ ತೊಡಿಸಿದ್ದೋ, ಕೈ ತಪ್ಪಿ ಆದದ್ದೋ? ಮಿಸೆಸ್ ಬ್ಯಾಗ್ಲಿಯ ಬಾಯಿಗೆ ಅವಳು ಹೆದರುತ್ತಿರಲಿಲ್ಲ. 'ಕೈ ತಪ್ಪಿತು, ಕ್ಷಮಿಸಿ' ಎಂದು ಬೂಟುಗಳಿಗೆ ಹೇಳಿಬಿಟ್ಟರೆ ಏನು ಗತಿ ಎಂಬುದೇ ಅವಳ ಹೆದರಿಕೆ. ನಾಳೆ ಮಧ್ಯಾಹ್ನ ಉಂಗುರ ಹೋಗಿಬಿಟ್ಟರೆ ಅವನು ಜನ್ಮದಲ್ಲಿ ಮತ್ತೆ ಬಾಯಿ ಬಿಡುವವನಲ್ಲ. ಅವಳಾದರೂ ಯಾವ ಕೋಳಿಯ ಬಾಲದ ನೆಪದಲ್ಲಿ ಇದನ್ನು ಕೇಳಿಯಾಳು?

ಬೆಳಿಗ್ಗೆ ಹೊರಬಾಗಿಲ ಬಳಿಯ ಕನ್ನಡಿಯ ಮುಂದೆ ನಿಂತು ಟೋಪಿಯ ದಾರ ಕಟ್ಟುವಾಗ ಅವಳ ಕೈ ನಿಂತಿತು. ಪುಸ್ತಕ ತೆಗೆದು ಚಿತ್ರದ ಪುಟವನ್ನು ತನ್ನ ಕಡೆಗೆ ತಿರುಗಿಸಿ, ಕನ್ನಡಿಯೊಳಗಿನ ಮುಖದ ಪಕ್ಕ ಹಿಡಿದಳು. ಕನ್ನಡಿಯಲ್ಲಿ ಮಚ್ಚೆ ಯಾವ ಕಡೆಗಿದೆಯೋ ಚಿತ್ರದಲ್ಲೂ ಅದೇ ಕಡೆಗಿದೆ. ಅಂದರೆ ಮುಖ ಸರಿಯಾಗಿದೆ. ಜಾಡಿಯ ಮೇಲೆ 'ಪ್ಲಮ್' ಎಂಬ ಅಕ್ಷರಗಳೂ ಸರಿಯಾಗಿವೆ. ತಪ್ಪಿರುವುದು ಉಂಗುರ ಒಂದೇ. ಕೈ ತಪ್ಪಿದ್ದರೆ ಎಲ್ಲವೂ ತಪ್ಪಬೇಕಿತ್ತಲ್ಲ? ಎಲ್ಲವನ್ನೂ ಸರಿಯಾಗಿ ತಿರುಗಿಸಿದವನು ಒಂದು ಉಂಗುರವನ್ನು ಮಾತ್ರ ಎಡಗೈಗೆ ಹಾಕಿದ್ದಾನೆಂದರೆ, ಹಾಕಿದ್ದಾನೆ.

ಅವಳಿಗೆ ಕೂರಬೇಕೆನ್ನಿಸಿತು. ಛತ್ರಿಗಳ ಬುಟ್ಟಿ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

"ಎಲ್ಲಿಗೆ?" ಎಂದು ಸೆಪ್ಟಿಮಸ್ ಓದುವ ಕೋಣೆಯಿಂದ ಕೇಳಿದ.

"ಕೇಳಿ ಬರೋಕೆ."

"ಹೆಂಗಸರು ಕೇಳೋದಲ್ಲ, ಲವೀ."

"ಆಗಿರೋದರ ಅರ್ಥ ಏನು ಅಂತ ಕೇಳ್ತೀನಿ. ಅದು ವ್ಯಾಕರಣದ ಪ್ರಶ್ನೆ."

ಕುದುರೆಗಳೆಳೆಯುವ ಆಮ್ನಿಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆಲ್ಲೋ ಕುದುರೆಯೊಂದು ಜಾರಿ ಬಿದ್ದಿತ್ತು. ಮಂಜಿನಲ್ಲಿ ನದಿಯೂ ಕಾಣದು, ದಡವೂ ಕಾಣದು. ಲವೀನಿಯಾ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಮೊದಲ ವಾಕ್ಯಕ್ಕೆ ಹುಡುಕಿದಳು. 'ಮಿಸ್ಟರ್ ಸ್ಟ್ರೌಡ್, ನಿಮ್ಮ ಚಿತ್ರದಲ್ಲಿ ಒಂದು ವಿಶೇಷ ಗಮನಿಸಿದೆ.' ಬೇಡ, ಇನ್ಸ್‌ಪೆಕ್ಟರ್ ಮಾತಿನ ಹಾಗಿದೆ. 'ಈ ಉಂಗುರ ಯಾರದ್ದು?' ಕಳ್ಳನನ್ನು ಹಿಡಿದ ಹಾಗಿದೆ. ಆರು ಪುಸ್ತಕಗಳನ್ನು ಬರೆದವಳಿಗೆ ಒಂದು ವಾಕ್ಯ ಹೊಳೆಯುತ್ತಿಲ್ಲ. ಸೇಂಟ್ ಪಾಲ್ಸ್‌ನ ಗಂಟೆ ಮಂಜಿನೊಳಗಿಂದ ಹೊಡೆಯಿತು. ಅವಳು ಎಣಿಸಲು ಹೆದರಿ ಇಳಿದು, ಉಳಿದ ದಾರಿಯನ್ನು ನಡೆದಳು, ಮಧ್ಯದಲ್ಲಿ ಓಡಿದಳು ಕೂಡ.

ನೆಲಮಹಡಿಯಲ್ಲಿ ಮಿಸ್ಟರ್ ಥ್ರಾಪ್ ಕೈ ಉಜ್ಜಿಕೊಳ್ಳುತ್ತಾ ಎದುರಾದರು. ಅವರು ದುಃಖದ ಪುಸ್ತಕಗಳನ್ನು ಮಾರಿ ದುಂಡಗಾದ ಮನುಷ್ಯ.

"ಏನೂ ಯೋಚ್ನೆ ಮಾಡ್ಬೇಡಿ, ಮಿಸ್ ಹಾರ್ಬಿನ್. ಸ್ಟ್ರೌಡ್ ಒಪ್ಕೊಂಡ್ರು. ಎಡಬಲ ತಪ್ಪಿಹೋಯ್ತಂತೆ."

"ಹಾಗಂತ ಅವರೇ ಹೇಳಿದ್ರಾ?"

"ಅವರೇ. ನಂಗೂ ಆಶ್ಚರ್ಯ ಆಯ್ತು. ಅದ್ಯಾಕೆ ತಪ್ಪಿತು ಅನ್ನೋದು ನಂಗೆ ಬೇಡ. ಅತ್ತೆಗೆ ಮದುವೆ ಆಗಿಲ್ಲ ಅಂತ ನೀವು ಬರ್ದಿದ್ದೀರಿ; ಚಿತ್ರ ಆಗಿದೆ ಅನ್ನುತ್ತೆ. ಬರಹ, ಚಿತ್ರ ಎರಡೂ ಒಂದೇ ಮಾತಾಡ್ಬೇಕು, ಅಷ್ಟೇ. ಮಕ್ಕಳು ಬಿಡ್ತಾರೆ, ಅವರ ಅಮ್ಮಂದಿರು ಬಿಡಲ್ಲ."

ಅವಳು ಮೆಟ್ಟಿಲು ಹತ್ತಿದಳು. ಸುಳ್ಳು ಹೇಳಿದ್ದಾನೆ, ನನ್ನ ಹೆಸರು ಕೆಡದಿರಲೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಾನೆ ಎಂದು ಮೊದಲ ಮಹಡಿಯಲ್ಲಿ ಅಂದುಕೊಂಡಳು. ಎರಡನೆಯದರಲ್ಲಿ, ಸುಳ್ಳಲ್ಲದಿದ್ದರೆ ಎಂದು ಅನ್ನಿಸಿತು. ಮೂರನೆಯದಕ್ಕೆ ಬರುವಾಗ ಉಸಿರು ಮಾತ್ರ ಉಳಿದಿತ್ತು.

ಬೆನ್ನು ತನ್ನ ಜಾಗದಲ್ಲೇ ಇತ್ತು. ದಿಂಬಿನ ಮೇಲೆ ಆ ಬ್ಲಾಕ್ ಇತ್ತು.

"ತೆಗೆದುಬಿಟ್ರಾ?" ಎಂದಳು. ಆಮ್ನಿಬಸ್ಸಿನಲ್ಲಿ ಕಟ್ಟಿದ ವಾಕ್ಯಗಳಲ್ಲಿ ಇದು ಇರಲಿಲ್ಲ.

"ಇಲ್ಲ. ಉಳಿ ಮಸೀತಿದ್ದೆ."

"ಯಾವಾಗಿಂದ?"

"ಬೆಳಿಗ್ಗೆಯಿಂದ."

"ತೆಗೆಯೋಕೆ ಅಷ್ಟು ಹೊತ್ತು ಬೇಕಾ?"

"ಉಸಿರು ಬಿಡೋಷ್ಟು ಹೊತ್ತು ಸಾಕು. ತೆಗೆಯೋದು ಸುಲಭ, ಮಿಸ್ ಹಾರ್ಬಿನ್. ಮತ್ತೆ ಹಾಕ್ಬೇಕು ಅಂದ್ರೆ ತೂತು ಕೊರೀಬೇಕು, ಹೊಸ ಮರದ ಬೆಣೆ ಬಡೀಬೇಕು, ಮೊದಲಿಂದ ಕೆತ್ಬೇಕು. ಅದಕ್ಕೇ ಹರಿತ ಸರಿಯಾಗಿರ್ಲಿ ಅಂತ."

ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನೇರವಾಗಿ ಮೇಜಿನ ಬಳಿ ಬಂದು ಪುಸ್ತಕವನ್ನು ಬ್ಲಾಕಿನ ಪಕ್ಕ ತೆರೆದಿಟ್ಟಳು.

"ಎಡಬಲ ತಪ್ಪಿತು ಅಂತ ಮಿಸ್ಟರ್ ಥ್ರಾಪ್‌ಗೆ ಹೇಳಿದ್ರಂತೆ."

"ಹೌದು."

"ನನ್ನ ಮರ್ಯಾದೆ ಉಳಿಸೋಕೆ ಅಂದ್ರಿ."

"ಇಲ್ಲ. ತಪ್ಪಿದ್ದಕ್ಕೇ ಅಂದೆ."

"ಇಲ್ನೋಡಿ. ಜಾಡಿ ಮೇಲಿನ ಅಕ್ಷರ ಸರಿ ಇದೆ. ಮಚ್ಚೆ ಸರಿಯಾದ ಕೆನ್ನೇಲೇ ಇದೆ. ಉಂಗುರ ಒಂದೇ ಆ ಕೈಯಿಂದ ಈ ಕೈಗೆ ಬಂದಿದೆ. ಅದು ತಾನಾಗಿ ನಡ್ಕೊಂಡು ಬರಲ್ಲ, ಮಿಸ್ಟರ್ ಸ್ಟ್ರೌಡ್. ಯಾರೋ ಹಾಕಿರ್ಬೇಕು."

ಹೇಳಿ ಮುಗಿದ ಮೇಲೆ ಅವಳ ಕೆನ್ನೆ ಸುಡತೊಡಗಿತು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಈನಕ್ ಸ್ಟ್ರೌಡ್ ತಿರುಗಿದ. ಮೊದಲು ಪುಸ್ತಕ ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವನ ಕಣ್ಣು ಬೂದುಬಣ್ಣದ್ದೆಂದು ಲವೀನಿಯಾಳಿಗೆ ಗೊತ್ತಾಯಿತು. ಆ ಕಣ್ಣಿನಲ್ಲಿ ಅವಳು ಹುಡುಕುತ್ತಿದ್ದದ್ದು ಇರಲಿಲ್ಲ, ಗಾಬರಿಯಷ್ಟೇ ಇತ್ತು.

"ಮಚ್ಚೆ ನಿಮ್ಮ ಎಡಗೆನ್ನೇಲಿದೆ," ಎಂದ ನಿಧಾನವಾಗಿ.

"ಗೊತ್ತು. ನೀವೂ ಅಲ್ಲೇ ಹಾಕಿದ್ದೀರಿ."

"ಇಲ್ಲ. ಇಲ್ಲಿ ಅದು ಅತ್ತೆಯ ಬಲಗೆನ್ನೆ."

"ಸಾಧ್ಯವೇ ಇಲ್ಲ. ಬೆಳಿಗ್ಗೆ ಕನ್ನಡಿ ಪಕ್ಕ ಹಿಡಿದು..." ಎಂದವಳು ನಿಲ್ಲಿಸಿದಳು.

ಕೈ ನಮ್ಮ ಕಣ್ಣೆದುರಿಗೇ ಇರುತ್ತದೆ. ಮುಖ ನೋಡಿಕೊಳ್ಳಬೇಕಾದರೆ ಕನ್ನಡಿಯೇ ಗತಿ. ಕನ್ನಡಿಯಂತೂ ಎಲ್ಲವನ್ನೂ ತಿರುಗಿಸಿ ತೋರಿಸುತ್ತದೆ. ಹುಟ್ಟಿದಂದಿನಿಂದ ಅವಳು ತನ್ನದೆಂದು ತಿಳಿದ ಮುಖ ತಿರುಗಿದ ಮುಖ. ಚಿತ್ರ ಅದಕ್ಕೆ ಹೊಂದಿತೆಂದರೆ ಚಿತ್ರವೂ ತಿರುಗಿದೆ ಎಂದರ್ಥ. ಅತ್ತೆ ತಲೆಯಿಂದ ಕಾಲಿನವರೆಗೆ ತಿರುಗಿದ್ದಳು: ಮಚ್ಚೆ, ಬೈತಲೆ, ಉಂಗುರ, ಎಲ್ಲವೂ. ಅವನು ಹೇಳಿದ್ದು ನಿಜ. ಯಾರೂ ಉಂಗುರ ತೊಡಿಸಿರಲಿಲ್ಲ. ಬಲಗೈಯ ಉಂಗುರ ಎಡಬಲ ತಪ್ಪಿ ಆ ಕಡೆ ಬಿದ್ದಿತ್ತು.

"ಓ," ಎಂದಳು ಲವೀನಿಯಾ.

ಅವಳು ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತಳು. ಕೈಗವಸು ಹಾಕಿಕೊಳ್ಳಲು ನೋಡಿದಳು; ಬೆರಳುಗಳು ತಪ್ಪು ತೂತುಗಳಿಗೆ ಹೋದವು.

"ಹಾಗಿದ್ರೆ ತೆಗೆದುಬಿಡಿ. ಮಿಸ್ಟರ್ ಥ್ರಾಪ್ ಕಾಯ್ತಿದ್ದಾರೆ."

"ಸರಿ," ಎಂದಿತು ಬೆನ್ನು.

ಉಳಿಯ ಸದ್ದು ಬರಲಿಲ್ಲ. ಅವಳು ಎದ್ದು ಹೋಗಬೇಕಿತ್ತು. ಮರ್ಯಾದಸ್ಥ ಹೆಂಗಸಾದರೆ ಹೋಗುತ್ತಿದ್ದಳು. ಆದರೆ ಕಥೆ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ಎದೆ ಒಡೆಯುತ್ತಿದ್ದರೂ, ಕಥೆಯಲ್ಲಿ ಒಂದು ಎಳೆ ಸಡಿಲವಾಗಿದ್ದರೆ ಅದನ್ನು ಎಳೆಯದೆ ಬಿಡಲಾರರು.

"ಒಂದು ವಿಷಯ," ಎಂದಳು. "ಜಾಡಿ ಸರಿ ಇದೆಯಲ್ಲ. ಗಡಿಯಾರನೂ ಸರಿ ಇದೆ. ರೂಫಸನ ಕೋಟಿನ ಗುಂಡಿನೂ ಸರಿ ಇವೆ. ನೀವು ತಿರುಗಿಸೋದು ಮರೆತಿಲ್ಲ. ಹಾಗಿದ್ರೆ ಅತ್ತೆ ಒಬ್ಬಳೇ ಯಾಕೆ ತಪ್ಪಿದ್ಲು?"

ಉತ್ತರ ಕೊಟ್ಟದ್ದು ಕಿವಿಗಳು. ತುದಿಯಿಂದ ಶುರುವಾದ ಕೆಂಪು ಕತ್ತಿನವರೆಗೂ ಇಳಿಯಿತು.

"ಎಲ್ಲಾನೂ ತಿರುಗಿಸಿದೆ," ಎಂದ ಕೊನೆಗೆ. "ಅತ್ತೆನೂ ತಿರುಗಿಸಿದೆ. ಆದ್ರೆ ನಾನು ನೋಡಿದ್ದು ಮೊದ್ಲೇ ತಿರುಗಿತ್ತು."

"ಅಂದ್ರೆ?"

ಅವನು ಉಳಿಯ ಹಿಡಿಯಿಂದ ಮೇಜಿನ ಮೇಲಿನ ಕನ್ನಡಿ ತೋರಿಸಿದ. ಲವೀನಿಯಾ ಕೂತಲ್ಲಿಂದಲೇ ಅದರಲ್ಲಿ ತನ್ನನ್ನು ಕಂಡಳು: ಟೋಪಿ, ಮಚ್ಚೆ, ಮಡಿಲಲ್ಲಿ ಕೈಗಳು, ಕೆಂಪು ಹರಳು. ಅಂಚಿನಲ್ಲಿ ಅವನ ಬೂದುಬಣ್ಣದ ಕಣ್ಣು.

"ನೀವು ಅಲ್ಲಿ ಕೂರ್ತಿದ್ರಿ. ತಿರುಗಿ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ. ಇದರಲ್ಲಿ ನೋಡ್ತಿದ್ದೆ. ಮಾರ್ಚಿಂದ ಇದರಲ್ಲೇ. ನಂಗೆ ಗೊತ್ತಿರೋ ನಿಮ್ಮ ಮುಖ ಇದೊಂದೇ. ಇದೇ ನಿಜ ಅನ್ಕೊಂಡು, ಎಲ್ಲರನ್ನೂ ತಿರುಗಿಸೋ ಹಾಗೆ ನಿಮ್ಮನ್ನೂ ತಿರುಗಿಸಿಬಿಟ್ಟೆ." ಅವನು ಉಳಿಯನ್ನು ಮೇಜಿನ ಮೇಲಿಟ್ಟ. "ಇಪ್ಪತ್ತು ವರ್ಷದಿಂದ ನಂಗೆ ಎಡಬಲ ತಪ್ಪಿಲ್ಲ, ಮಿಸ್ ಹಾರ್ಬಿನ್."

ಯಂತ್ರಗಳ ಸದ್ದು ನೆಲದ ಮೂಲಕ ಅವಳ ಬೂಟಿಗೆ ಬರುತ್ತಿತ್ತು. ಎದೆಯ ಸದ್ದು ಯಾವುದು, ಅದು ಯಾವುದು ಎಂದು ಬೇರ್ಪಡಿಸಲಾಗಲಿಲ್ಲ.

"ಕೋಳಿ ಬಾಲದಲ್ಲಿ ಏನೂ ತಪ್ಪಿರ್ಲಿಲ್ಲ," ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ಮತ್ತೆ ಕೆತ್ತಿದ್ರಾ?"

"ಮೂರು ಸಲ. ಬೇಗ ಮುಗಿಸಿದ್ರೆ ನೀವು ಬರಲ್ಲ ಅಂತ."

ಕೆಳಗಿನಿಂದ ಯಾರೋ ಕೂಗಿದರು: ಬ್ಲಾಕ್ ಬೇಕಂತೆ, ಎಲ್ಲರೂ ಕೈಕಟ್ಟಿ ನಿಂತಿದ್ದಾರಂತೆ. ಈನಕ್ ಬೆಚ್ಚಿ ಮೇಜಿಗೆ ತಿರುಗಿ ಉಳಿ ಹಿಡಿದ. ತುದಿ ಉಂಗುರದ ಮೇಲೆ ಕೂತಿತು. ಒಂದು ಉಸಿರಿನ ಕೆಲಸ. ಲವೀನಿಯಾ ಕುರ್ಚಿಯಿಂದ ಮೇಜಿಗೆ ಹೇಗೆ ಬಂದಳೋ, ಅವಳ ಬರಿಗೈ ಬ್ಲಾಕಿನ ಮೇಲಿತ್ತು. ಉಳಿ ಅವಳ ಹೆಬ್ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

"ಕೈ ಕತ್ತರಿಸಿ ಹೋಗ್ತಿತ್ತು," ಎಂದ ಅವನು, ಬೆಳ್ಳಗಾಗಿ.

"ಕೇಳದೆ ತೊಡಿಸಿದ್ದೀರಿ."

"ಗೊತ್ತಿಲ್ದೆ ತೊಡಿಸಿದ್ದು."

"ಗೊತ್ತಿದ್ದು ತೊಡಿಸೋದಾಗಿದ್ರೆ, ಹೇಗೆ ಕೇಳ್ತಿದ್ರಿ?"

ಈನಕ್‌ನ ಕಣ್ಣು ಅಭ್ಯಾಸಬಲದಿಂದ ಕನ್ನಡಿಯ ಕಡೆ ಹೋಯಿತು. ಲವೀನಿಯಾ ಇನ್ನೊಂದು ಕೈಯಿಂದ ಅದನ್ನು ಮೇಜಿನ ಮೇಲೆ ಕವುಚಿಟ್ಟಳು.

"ಇಲ್ಲಿ," ಎಂದಳು.

ಅವನು ನೋಡಿದ. ನೋಡಲು ಕಷ್ಟವಾಗುತ್ತಿತ್ತೆಂದು ಅವಳಿಗೆ ಕಂಡಿತು. ಬಹಳ ಬೆಳಕಿರುವ ಕಡೆ ನೋಡುವವನಂತೆ ರೆಪ್ಪೆ ಬಡಿಯುತ್ತಿದ್ದ. ಅವನ ನೋಟ ಅವಳ ಬಲಗೆನ್ನೆಯ ಮೇಲೆ ಮಚ್ಚೆ ಹುಡುಕಿ, ಸಿಗದೆ, ದಾರಿ ತಪ್ಪಿ, ಎಡಗೆನ್ನೆಗೆ ಬಂದು ನಿಂತಿತು.

"ನಂದು ಚಳಿ ಕೋಣೆ," ಎಂದು ಶುರುಮಾಡಿದ. "ಕೈಯೆಲ್ಲ ಯಾವಾಗ್ಲೂ ಎಣ್ಣೆ ವಾಸನೆ. ಮಾತು ಕಮ್ಮಿ. ಒಬ್ಳು ತಂಗಿ ಇದ್ದಾಳೆ, ಅವಳಿಗೆ ಮಾತು ಜಾಸ್ತಿ."

"ಇದು ಪ್ರಶ್ನೆನಾ?"

"ಪೀಠಿಕೆ."

"ಪೀಠಿಕೆ ಯಾರೂ ಓದಲ್ಲ. ನೇರ ಕಥೆಗೆ ಬನ್ನಿ."

"ನನ್ನ ಮದುವೆ ಆಗ್ತೀರಾ, ಲವೀನಿಯಾ?"

ಅವಳ ಬಾಯಿ ತೆರೆಯಿತು. ಬಾಗಿಲೂ ತೆರೆಯಿತು. ಅಚ್ಚುಕೂಟದ ಮೇಸ್ತ್ರಿ ಗಜನ್, ಮೂರು ಮಹಡಿ ಹತ್ತಿದ ಸಿಟ್ಟನ್ನೆಲ್ಲ ಮುಖದ ಮೇಲೆ ಹೊತ್ತು ನಿಂತಿದ್ದ.

"ಏನ್ರೀ ಮರಕುಟಿಗ, ಒಂದು ಉಂಗುರ ಕೀಳೋಕೆ ಎಷ್ಟು ದಿನ ಬೇಕು? ನಮಸ್ಕಾರ, ಮಿಸ್ ಹಾರ್ಬಿನ್."

"ನಮಸ್ಕಾರ, ಮಿಸ್ಟರ್ ಗಜನ್," ಎಂದಳು ಲವೀನಿಯಾ. ಮಾತಿಗೆ ಅವಳು ಕೆಲಸದ ದನಿ ತೊಡಿಸಿದಳು. "ಬ್ಲಾಕನ್ನ ಇದ್ದ ಹಾಗೇ ತಗೊಂಡ್ಹೋಗಿ. ಬರಹದಲ್ಲಿ ಒಂದು ಪದ ಸೇರಿಸ್ಬೇಕು. ಮೊದಲನೇ ವಾಕ್ಯದಲ್ಲಿ."

"ಈಗಲಾ? ಅಚ್ಚುಮೊಳೆ ಜೋಡಿಸಿ ಬಿಗಿದಾಗಿದೆ, ಅಮ್ಮ."

"ಸಣ್ಣ ಪದ. ಚಿತ್ರ, ಬರಹ ಎರಡೂ ಒಂದೇ ಮಾತಾಡ್ಬೇಕು ಅಂತ ಮಿಸ್ಟರ್ ಥ್ರಾಪ್ ಹೇಳಿದ್ದಾರೆ."

ಗಜನ್ ನಿಟ್ಟುಸಿರು ಬಿಟ್ಟ. ಬರೆಯುವ ಹೆಂಗಸರ ಬಗ್ಗೆ ಅವನಿಗೆ ಒಂದು ಅಭಿಪ್ರಾಯವಿತ್ತು. ಬರೆಯುವ ಗಂಡಸರ ಬಗ್ಗೆಯೂ ಅದೇ. "ಎಲ್ಲಿ ಸೇರಿಸ್ಬೇಕು?"

"'ಮದುವೆಯಾಗದ ಪ್ರೂಡೆನ್ಸ್ ಅತ್ತೆ' ಅಂತ ಇದೆಯಲ್ಲ. 'ಮದುವೆಯಾಗದ' ಅನ್ನೋದಕ್ಕೆ ಮೊದ್ಲು."

"ಯಾವ ಪದ?"

"'ಇನ್ನೂ'," ಎಂದಳು ಲವೀನಿಯಾ. "'ಇನ್ನೂ ಮದುವೆಯಾಗದ ಪ್ರೂಡೆನ್ಸ್ ಅತ್ತೆ.'"

ಮೇಜಿನ ಬಳಿ ಉಳಿ ಕೆಳಗೆ ಬಿದ್ದು ಉರುಳಿತು. ಯಾರೂ ಅದನ್ನು ಎತ್ತಲಿಲ್ಲ.

ಗಜನ್ ತುಟಿ ಆಡಿಸುತ್ತಾ ಸಾಲಿನಲ್ಲಿ ಜಾಗ ಸಾಲುತ್ತದೆಯೇ ಎಂದು ಮನಸ್ಸಿನಲ್ಲೇ ಮೊಳೆ ಜೋಡಿಸಿದ. ಸಾಲುವಂತೆ ಕಂಡಿತು. ಬ್ಲಾಕನ್ನು ಕಂಕುಳಿಗೇರಿಸಿ ಬಾಗಿಲವರೆಗೆ ಹೋದವನು ಅಲ್ಲಿ ನಿಂತ. ಅವನ ಕೆಲಸ ಅಕ್ಷರದ್ದು, ಅರ್ಥ ಅವನಿಗೆ ತಡವಾಗಿ ಬರುತ್ತಿತ್ತು.

"'ಇನ್ನೂ' ಅಂದ್ರೆ ಓದೋರು ಕೇಳಲ್ವಾ," ಎಂದ, "ಯಾವಾಗಿನ ತನಕ ಅಂತ?"

ಅದು ಲವೀನಿಯಾ ಹೇಳಬೇಕಾದ ಮಾತಲ್ಲ.

"ಈಸ್ಟರ್ ತನಕ," ಎಂದ ಈನಕ್ ಸ್ಟ್ರೌಡ್. ಪ್ರಶ್ನೆ ಬಂದದ್ದು ಬಾಗಿಲಿನಿಂದ. ಉತ್ತರವನ್ನು ಅವನು ಹೇಳಿದ್ದು ಅವಳ ಮುಖ ನೋಡಿ.